ಹಾಸಿನಲ್ಲೊಂದು ಫೋಟೋ, ಹೊಕ್ಕಿನಲ್ಲೊಂದು ಫೋಟೋ

(ಛಾಯಾಗ್ರಹಣ ಕಲಿಯುತ್ತಿರುವ ವಿದ್ಯಾರ್ಥಿಗಳ ಎದುರು ಆಡಿದ ಮಾತುಗಳ ಬರಹ ರೂಪ. ಪರದೆಯ ಮೇಲೆ ಚಿತ್ರ ತೋರಿಸಿ ಹೇಳಿದ್ದನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಿಮ್ಮಲ್ಲಿ ಹೆಚ್ಚಿನವರ ಹೆಗಲಲ್ಲಿ ಕ್ಯಾಮೆರಾ ಇದೆ. ನಾನು ಇವತ್ತು ಹೇಳಲು ಬಂದಿರುವ ಛಾಯಾಗ್ರಾಹಕರ ಮುಖ್ಯ ಕೃತಿಗಳಲ್ಲಿ ಕ್ಯಾಮೆರಾಗಿಂತ ಬ್ಲೇಡಿಗೇ ಕೆಲಸ ಜಾಸ್ತಿ. ಅವರ ಹೆಸರು ದಿನ್ ಕ್ಯೂ ಲೆ. ವಿಯೆಟ್ನಾಂನವರು. 2024ರ ಏಪ್ರಿಲ್‌ನಲ್ಲಿ ತೀರಿಕೊಂಡರು.

ಯುದ್ಧದ ಫೋಟೋಗ್ರಫಿ ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಗುಂಡು ಹಾರುವ ಜಾಗದಲ್ಲಿ ಪ್ರಾಣ ಪಣಕ್ಕಿಟ್ಟು ನಿಂತವರು. ಲೆ ಅವರು ಹಾಗೆ ಯಾವ ರಣರಂಗಕ್ಕೂ ಹೋಗಲಿಲ್ಲ. ಬೇರೆಯವರು ಆಗಲೇ ತೆಗೆದಿಟ್ಟ ಫೋಟೋಗಳನ್ನು ಎದುರಿಗೆ ಹರಡಿಕೊಂಡು ಕೂತರು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ರೀತಿಯಲ್ಲಿ ಕೇಳಿದರು. ನನ್ನ ಊರಿನ ಯುದ್ಧದ ನೆನಪು ನನ್ನದೋ, ಅದರ ಫೋಟೋ ತೆಗೆದವರದೋ?

ಈ ಪ್ರಶ್ನೆ ಸುಮ್ನೆ ಹುಟ್ಟಿದ್ದಲ್ಲ. ಅದಕ್ಕೆ ಮೊದಲು ಅವರ ಊರಿನಿಂದ ಶುರು ಮಾಡೋಣ.

ವಿಯೆಟ್ನಾಂನ ನೈಋತ್ಯ ಮೂಲೆಯಲ್ಲಿ ಹಾ ತಿಯೆನ್ ಎಂಬ ಊರಿದೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹತ್ತಿರದಲ್ಲೇ ಕಾಂಬೋಡಿಯದ ಗಡಿ. ಲೆ ಹುಟ್ಟಿದ್ದು ಅಲ್ಲಿ, 1968ರಲ್ಲಿ. ಟೆಟ್ ಹಬ್ಬದ ಹೊತ್ತಿಗೆ ಕಮ್ಯುನಿಸ್ಟ್ ಪಡೆಗಳು ದಕ್ಷಿಣ ವಿಯೆಟ್ನಾಂನ ಊರುಗಳ ಮೇಲೆ ಒಟ್ಟಿಗೇ ಬಿದ್ದ ‘ಟೆಟ್ ದಾಳಿ’ಯ ವರ್ಷ ಅದು. 1975ರ ಏಪ್ರಿಲ್ 30ಕ್ಕೆ ದಕ್ಷಿಣ ವಿಯೆಟ್ನಾಂನ ರಾಜಧಾನಿ ಸೈಗಾನ್ ಕಮ್ಯುನಿಸ್ಟರ ಕೈಗೆ ಬಿತ್ತು, ಅಮೆರಿಕದ ಯುದ್ಧ ಮುಗಿಯಿತು. ನಾವು ಓದಿದ ಕಥೆಯೂ ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತದೆ. ಗಡಿಯ ಊರುಗಳಿಗೆ ಮಾತ್ರ ಮುಗಿಯಲಿಲ್ಲ. ಅದೇ ತಿಂಗಳು ಕಾಂಬೋಡಿಯದಲ್ಲಿ ಪೋಲ್ ಪಾಟ್‌ನ ಕಮ್ಯುನಿಸ್ಟ್ ಗುಂಪು ಖಮೇರ್ ರೂಜ್ ಅಧಿಕಾರ ಹಿಡಿದಿತ್ತು. ಮುಂದಿನ ವರ್ಷಗಳಲ್ಲಿ ಅವರ ಪಡೆಗಳು ಗಡಿ ದಾಟಿ ಬಂದು ವಿಯೆಟ್ನಾಂನ ಹಳ್ಳಿಗಳ ಮೇಲೆ ಬಿದ್ದವು. ಹಾ ತಿಯೆನ್ ಸುತ್ತಮುತ್ತ ಜನರನ್ನು ಕೊಂದವು. 1978ರಲ್ಲಿ ಲೆ ಅವರ ಮನೆಯವರು ದೋಣಿ ಹತ್ತಿದರು. ಹುಡುಗನಿಗೆ ಆಗ ಸುಮಾರು ಹತ್ತು ವರ್ಷ. ಮೊದಲು ಥಾಯ್ಲೆಂಡಿನ ನಿರಾಶ್ರಿತರ ಶಿಬಿರ, ಅಲ್ಲಿಂದ ಅಮೆರಿಕ, ಕೊನೆಗೆ ಕ್ಯಾಲಿಫೋರ್ನಿಯ.

1975ರಿಂದ 1995ರ ನಡುವೆ ಹೀಗೆ ದೋಣಿಯಲ್ಲಿ ವಿಯೆಟ್ನಾಂ ಬಿಟ್ಟು ಬೇರೆ ದೇಶದ ದಡ ಸೇರಿದವರು ಸುಮಾರು 8 ಲಕ್ಷ ಮಂದಿ. ದಾರಿಯಲ್ಲೇ ಮುಳುಗಿದವರ ಸರಿಯಾದ ಲೆಕ್ಕ ಯಾರ ಹತ್ತಿರವೂ ಇಲ್ಲ. ಹೀಗೆ ಹೊರಟವರು ಕೈಗೆ ಸಿಕ್ಕಿದ್ದನ್ನು ಹಿಡಿದು ಹೊರಟವರು. ಲೆ ಅವರ ಮನೆಯ ಫೋಟೋಗಳು ಹಿಂದೆಯೇ ಉಳಿದವು. ಈ ಸಂಗತಿ ನೆನಪಿರಲಿ, ಮುಂದೆ ಮತ್ತೆ ಬರುತ್ತದೆ.

ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಸಾಂಟಾ ಬಾರ್ಬರಾ ಕ್ಯಾಂಪಸ್ಸಿನಲ್ಲಿ ಓದುವಾಗ ಅವರು ವಿಯೆಟ್ನಾಂ ಯುದ್ಧದ ಬಗ್ಗೆ ಒಂದು ಕೋರ್ಸಿಗೆ ಸೇರಿದರು. ತನ್ನ ದೇಶದ ಕಥೆ ಕೇಳುವ ಆಸೆಯಿಂದ ಹೋದವರಿಗೆ ಅಲ್ಲಿ ಸಿಕ್ಕಿದ್ದು ಅಮೆರಿಕದ ಸೈನಿಕರ ಕಥೆ. ಅವರು ಪಟ್ಟ ಪಾಡು, ಅವರ ಗಾಯ, ಅವರ ಪಶ್ಚಾತ್ತಾಪ. ಅಮೆರಿಕದ ಕಡೆ ಸತ್ತವರು 58 ಸಾವಿರಕ್ಕೂ ಹೆಚ್ಚು. ಅವರ ಹೆಸರು ಒಂದೂ ಬಿಡದಂತೆ ವಾಷಿಂಗ್ಟನ್ನಿನಲ್ಲಿ ಸ್ಮಾರಕವಾಗಿ ಕಟ್ಟಿದ ಕಪ್ಪು ಗೋಡೆಯ ಮೇಲೆ ಕೊರೆದಿದ್ದಾರೆ. ವಿಯೆಟ್ನಾಂ ಸರ್ಕಾರ 1995ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ ಅಲ್ಲಿ ಸತ್ತ ನಾಗರಿಕರೇ ಸುಮಾರು 20 ಲಕ್ಷ. ಆ 20 ಲಕ್ಷ ಜನ ಪಾಠದ ಅಂಚಿನಲ್ಲೂ ಇರಲಿಲ್ಲ. ಲೆ ಪೋಸ್ಟರ್ ಮಾಡಿ ಕ್ಯಾಂಪಸ್ಸಿನಲ್ಲೆಲ್ಲ ಅಂಟಿಸಿದರು. ಅಮೆರಿಕದವರ ನಷ್ಟದ ಪಕ್ಕದಲ್ಲಿ ವಿಯೆಟ್ನಾಂನವರ ನಷ್ಟವನ್ನು ಇಟ್ಟು ತೋರಿಸಿದ ಪೋಸ್ಟರ್‌ಗಳು. ಸಿಟ್ಟಿನಲ್ಲಿ ಮಾಡಿದ ಕೆಲಸ ಅದು. ಆ ಸಿಟ್ಟು ಕೊನೆತನಕ ಹೋಗಲಿಲ್ಲ ಅಂತಲೇ ನನ್ನ ಅನಿಸಿಕೆ. ಆಮೇಲಿನ ಕೃತಿಗಳಲ್ಲಿ ಅದು ದನಿ ತಗ್ಗಿಸಿತು, ಅಷ್ಟೇ.

ಈಗ ಹೆಣಿಗೆಗೆ ಬರೋಣ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಲೆ ಅವರ ಕೆಲಸದ ಜೀವ ಇಲ್ಲಿದೆ.

ಊರಿನಲ್ಲಿದ್ದಾಗ ಚಿಕ್ಕ ಹುಡುಗ ಲೆ ತಮ್ಮ ಅತ್ತೆ ಹುಲ್ಲಿನ ಚಾಪೆ ಹೆಣೆಯುವುದನ್ನು ಪಕ್ಕದಲ್ಲೇ ಕೂತು ನೋಡುತ್ತಿದ್ದರು. ಅವರಿಂದಲೇ ಕಲಿತರು. ಅಮೆರಿಕದಲ್ಲಿ ಕಲೆಯ ವಿದ್ಯಾರ್ಥಿಯಾದಾಗ ಆ ಕೈಕೆಲಸ ನೆನಪಾಯಿತು. ದೊಡ್ಡದಾಗಿ ಮುದ್ರಿಸಿದ ಎರಡು ಕಲರ್ ಫೋಟೋ ತೆಗೆದುಕೊಳ್ಳುತ್ತಾರೆ. ಒಂದನ್ನು ಉದ್ದುದ್ದಕ್ಕೆ ಪಟ್ಟಿ ಪಟ್ಟಿಯಾಗಿ ಕತ್ತರಿಸುತ್ತಾರೆ. ಇನ್ನೊಂದನ್ನು ಅಡ್ಡಡ್ಡಕ್ಕೆ. ಮೊದಲನೆಯದು ಹಾಸು, ಎರಡನೆಯದು ಹೊಕ್ಕು. ಒಂದರ ಮೇಲೆ, ಇನ್ನೊಂದರ ಕೆಳಗೆ ಹಾಯಿಸುತ್ತಾ ಹೆಣೆಯುತ್ತಾರೆ. ಅಂಚು ಬಿಚ್ಚಿಕೊಳ್ಳದ ಹಾಗೆ ಲಿನನ್ ಬಟ್ಟೆಯ ಟೇಪ್ ಅಂಟಿಸುತ್ತಾರೆ. ಅಷ್ಟೇ ಸಾಮಾನು.

ಹೇಳಲು ಸುಲಭ. ಆದರೆ ಪಟ್ಟಿ ಒಂದೊಂದೇ ಹಾಯಿಸುವಾಗಲೂ ಒಂದು ತೀರ್ಮಾನ ಮಾಡಬೇಕು. ಈ ಜಾಗದಲ್ಲಿ ಯಾವ ಚಿತ್ರ ಮೇಲೆ ಬರಲಿ? ಮುಖದ ಕಣ್ಣು ಕಾಣಬೇಕಾದರೆ ಆ ಕಡೆಯ ಹೊಕ್ಕಿನ ಪಟ್ಟಿ ಎರಡು ಮೂರು ಮನೆ ಕೆಳಗೇ ಹೋಗಬೇಕು. ಆಗ ಇನ್ನೊಂದು ಚಿತ್ರದ ಅಷ್ಟು ಭಾಗ ಮುಚ್ಚಿಹೋಗುತ್ತದೆ. ಮುಚ್ಚಿದ್ದು ಎಲ್ಲಿಗೂ ಹೋಗಿರುವುದಿಲ್ಲ, ಹಿಂದೆಯೇ ಇರುತ್ತದೆ. ಹತ್ತಿರ ನಿಂತು ನೋಡಿದರೆ ಬರೀ ಚೌಕಗಳು. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಒಂದು ಮುಖ. ಇನ್ನೂ ಸರಿದರೆ ಅದರ ಒಳಗಿಂದ ಇನ್ನೊಂದು. ಎರಡನ್ನೂ ಒಟ್ಟಿಗೆ ಪೂರ್ತಿ ನೋಡಲು ಆಗುವುದೇ ಇಲ್ಲ. ಇವತ್ತು ಕಂಪ್ಯೂಟರಿನಲ್ಲಿ ಎರಡು ಚಿತ್ರವನ್ನು ಒಂದರ ಮೇಲೊಂದು ತೆಳ್ಳಗೆ ಕೂರಿಸುವುದು ಎರಡು ನಿಮಿಷದ ಕೆಲಸ, ಅಲ್ವಾ? ಅಲ್ಲಿ ಎರಡೂ ಕರಗಿ ಒಂದಾಗಿಬಿಡುತ್ತವೆ. ಹೆಣಿಗೆಯಲ್ಲಿ ಕರಗುವುದಿಲ್ಲ. ಎರಡೂ ತಮ್ಮ ತಮ್ಮ ಅಂಚು ಬಿಟ್ಟುಕೊಡದೆ ಒಂದೇ ಜಾಗದಲ್ಲಿ ಬದುಕುತ್ತವೆ. ಎರಡು ದೇಶಗಳ ನಡುವೆ ಬೆಳೆದ ಮನುಷ್ಯನಿಗೆ ಈ ರೀತಿ ಯಾಕೆ ಒಗ್ಗಿತು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಅವರು ಮೊದಮೊದಲು ಹೆಣೆದದ್ದು ತನ್ನ ಮುಖವನ್ನೇ. ಕಾಲೇಜಿನಲ್ಲಿ ಕಲಿಸುತ್ತಿದ್ದ ಯುರೋಪಿನ ಹಳೆಯ ಕ್ರೈಸ್ತ ಚಿತ್ರಗಳ ಜೊತೆ ತನ್ನ ಫೋಟೋ ಸೇರಿಸಿ ಹೆಣೆದರು. ಆ ಕೃತಿಗಳು ನನಗೆ ಅಷ್ಟು ತಟ್ಟುವುದಿಲ್ಲ, ವಿದ್ಯಾರ್ಥಿಯ ಅಭ್ಯಾಸದಂತೆ ಕಾಣುತ್ತವೆ. ನಿಜವಾದ ಬಲ ಬಂದದ್ದು ಕಾಂಬೋಡಿಯದ ಕೃತಿಗಳಲ್ಲಿ.

1990ರ ದಶಕದಲ್ಲಿ ಲೆ ಕಾಂಬೋಡಿಯಕ್ಕೆ ಹೋದರು. ಯಾವ ದೇಶದ ಪಡೆಗಳಿಗೆ ಹೆದರಿ ಮನೆ ಬಿಟ್ಟಿದ್ದರೋ ಆ ದೇಶಕ್ಕೆ. ರಾಜಧಾನಿ ನೋಮ್ ಪೆನ್‌ನಲ್ಲಿ ತುವೊಲ್ ಸ್ಲೆಂಗ್ ಎಂಬ ಜಾಗವಿದೆ. ಅದು ಮೊದಲು ಹೈಸ್ಕೂಲು. ಖಮೇರ್ ರೂಜ್ ಅದನ್ನು ಎಸ್-21 ಎಂಬ ಜೈಲು ಮಾಡಿತು. 14 ಸಾವಿರಕ್ಕೂ ಹೆಚ್ಚು ಜನರನ್ನು ಅಲ್ಲಿಗೆ ತಂದರು. ಬದುಕಿ ಹೊರಬಂದವರು ಬೆರಳೆಣಿಕೆ. ಒಳಗೆ ತಂದ ಕೂಡಲೇ ಪ್ರತಿಯೊಬ್ಬರನ್ನೂ ಕ್ಯಾಮೆರಾ ಎದುರು ಕೂರಿಸಿ, ಎದೆಗೆ ಸಂಖ್ಯೆ ಸಿಕ್ಕಿಸಿ, ಫೋಟೋ ತೆಗೆಯುತ್ತಿದ್ದರು. ಗಂಡಸರು, ಹೆಂಗಸರು, ಮಕ್ಕಳು, ತೊಡೆಯ ಮೇಲೆ ಕೂಸು ಇಟ್ಟುಕೊಂಡ ತಾಯಂದಿರು. 1979ರ ಜನವರಿಯಲ್ಲಿ ವಿಯೆಟ್ನಾಂ ಸೇನೆ ನೋಮ್ ಪೆನ್ ಹೊಕ್ಕಾಗ ಈ ಜೈಲು ಹೊರಜಗತ್ತಿಗೆ ಗೊತ್ತಾಯಿತು. ಆ ಫೋಟೋಗಳು ಈಗ ಅಲ್ಲಿನ ಮ್ಯೂಸಿಯಮ್ಮಿನ ಗೋಡೆ ತುಂಬಾ ಇವೆ.

ಲೆ ಆ ಮುಖಗಳನ್ನು ಹಾಸಿನ ಪಟ್ಟಿಗಳನ್ನಾಗಿ ಮಾಡಿದರು. ಹೊಕ್ಕಿಗೆ ಅಂಗ್ಕೋರ್ ಕಾಲದ ಗುಡಿಗಳ ಕಲ್ಲಿನ ಕೆತ್ತನೆ. ಅಂಗ್ಕೋರ್ ವಾಟ್ ನಮಗೆ ಪರಿಚಯದ ಹೆಸರು. 12ನೆಯ ಶತಮಾನದಲ್ಲಿ ವಿಷ್ಣುವಿಗೆ ಕಟ್ಟಿದ ಗುಡಿ. ಅದರ ಗೋಡೆಯ ಮೇಲೆ ಕುರುಕ್ಷೇತ್ರದ ಯುದ್ಧವಿದೆ, ಸಮುದ್ರ ಮಥನವಿದೆ. ಯಮನ ಎದುರು ನಿಂತವರೂ ಇದ್ದಾರೆ, ನರಕದ ಶಿಕ್ಷೆಗಳೂ ಇವೆ. ನಮ್ಮವರು ಪ್ರವಾಸ ಹೋದಾಗ ಹೆಮ್ಮೆಯಿಂದ ಫೋಟೋ ತೆಗೆಸಿಕೊಳ್ಳುವ ಜಾಗ.

ಮೇಲುನೋಟಕ್ಕೆ ಈ ಕೃತಿ ವೈಭವ ಮತ್ತು ಕತ್ತಲೆಯ ಹೋಲಿಕೆಯಂತೆ ಕಾಣುತ್ತದೆ. ಹಳೆಯ ಕಾಲ ಎಷ್ಟು ದೊಡ್ಡದು, ಈಚಿನ ಕಾಲ ಎಷ್ಟು ಕ್ರೂರ ಅಂತ. ನಾನು ಹಾಗೆ ಓದುವುದಿಲ್ಲ. ಖಮೇರ್ ರೂಜ್‌ನ ಬಾವುಟ ನೆನಪು ಮಾಡಿಕೊಳ್ಳಿ. ಕೆಂಪು ಬಟ್ಟೆ, ನಡುವೆ ಹಳದಿಯಲ್ಲಿ ಮೂರು ಗೋಪುರದ ಅಂಗ್ಕೋರ್. ಕೊಂದವರು ಆ ಗುಡಿಯ ಹೆಸರಲ್ಲೇ ಕೊಂದರು. ಹಿಂದಿನ ವೈಭವವನ್ನು ಮತ್ತೆ ತರುತ್ತೇವೆ ಎಂದೇ ಜನರನ್ನು ಗದ್ದೆಗಳಿಗೆ ಅಟ್ಟಿದರು. ಸುಮಾರು ನಾಲ್ಕು ವರ್ಷದಲ್ಲಿ ಹಸಿವು, ರೋಗ, ಕೊಲೆ ಎಲ್ಲ ಸೇರಿ 17 ಲಕ್ಷದಷ್ಟು ಜನ ಸತ್ತರು ಎಂದು ಅಂದಾಜು. ಹಾಗಾಗಿ ಕಲ್ಲಿನ ಅಪ್ಸರೆಯ ಕೆನ್ನೆಯೂ ಕೈದಿಯ ಕೆನ್ನೆಯೂ ಒಂದೇ ಚೌಕದಲ್ಲಿ ಸಿಕ್ಕಿಕೊಂಡಿರುವುದನ್ನು ನೋಡಿದಾಗ ಅದು ಬರೀ ಹೋಲಿಕೆ ಅಂತ ನನಗೆ ಅನ್ನಿಸುವುದಿಲ್ಲ. ಈ ಹೆಮ್ಮೆಯ ಒಳಗೇ ಆ ಕೊಲೆಗೆ ದಾರಿ ಇತ್ತು ಅಂತ ಲೆ ತೋರಿಸುತ್ತಿದ್ದಾರೆ. ಹಳೆಯ ಸಾಮ್ರಾಜ್ಯಗಳ ಹೆಸರು ಹೇಳಿ ಎದೆಯುಬ್ಬಿಸುವ ಯಾವ ದೇಶದವರಿಗೂ ಇದು ಮುಟ್ಟಬೇಕಾದ ಕೃತಿ.

ಇನ್ನು ಹಿಂದೆ ಉಳಿದ ಫೋಟೋಗಳ ವಿಷಯ. 1990ರ ದಶಕದಲ್ಲೇ ಲೆ ವಿಯೆಟ್ನಾಂಗೆ ಹೋಗಿಬಂದು ಮಾಡಿದರು. ಆಮೇಲೆ ಹೋ ಚಿ ಮಿನ್ ಸಿಟಿಯಲ್ಲೇ, ಅಂದರೆ ಹಳೆಯ ಸೈಗಾನಿನಲ್ಲೇ, ಮನೆ ಮಾಡಿದರು. ಅಲ್ಲಿಯ ಹಳೆ ಸಾಮಾನಿನ ಅಂಗಡಿಗಳಲ್ಲಿ ಹಳೆಯ ಫೋಟೋಗಳು ರಾಶಿಗಟ್ಟಲೆ ಮಾರಾಟಕ್ಕಿದ್ದವು. ಮದುವೆ, ಹುಟ್ಟುಹಬ್ಬ, ಸ್ಕೂಲಿನ ಗುಂಪು, ಸ್ಕೂಟರ್ ಮೇಲೆ ಹೊಸ ಜೋಡಿ. ಓಡಿಹೋದವರು ಬಿಟ್ಟುಹೋದ ಆಲ್ಬಂಗಳವು. ಲೆ ಕಿಲೋ ಲೆಕ್ಕದಲ್ಲಿ ಕೊಂಡುತಂದು ಒಂದೊಂದನ್ನೇ ನೋಡುತ್ತಿದ್ದರು. ಎಂದಾದರೂ ಅದರಲ್ಲಿ ತನ್ನ ಮನೆಯವರದೇ ಒಂದು ಫೋಟೋ ಸಿಗಬಹುದು ಎಂಬ ಆಸೆ. ತಂದಷ್ಟೂ ಬೇರೆಯವರ ಮನೆಗಳೇ. ದಿನ ಕಳೆದಂತೆ ಆ ಬೇರೆಯವರೇ ಅವರ ಪಾಲಿಗೆ ಮನೆಯವರಾದರು.

ಅವುಗಳಿಂದ ಹುಟ್ಟಿದ್ದು 1999ರ ಸುಮಾರಿನ ‘ಮೊತ್ ಕೊಯ್ ದಿ ವೆ’. ನೂರಾರು ಫೋಟೋಗಳನ್ನು ದಾರದಿಂದ ಒಂದಕ್ಕೊಂದು ಕಟ್ಟಿ ಕೌದಿಯ ಹಾಗೆ ತೂಗುಬಿಟ್ಟ ಕೃತಿ. ಕೆಲವು ಫೋಟೋಗಳ ಮುಖ ನಮ್ಮ ಕಡೆ, ಕೆಲವದರ ಬೆನ್ನು ನಮ್ಮ ಕಡೆ. ಬೆನ್ನ ಮೇಲೆ ಬರಹ. ಅಮೆರಿಕಕ್ಕೆ ಹೋದ ವಿಯೆಟ್ನಾಂನವರ ಮಾತುಗಳಿವೆ. ನ್ಯುಯೆನ್ ಜು ಎಂಬ ಕವಿ ಬರೆದ ಕಿಯು ಎಂಬ ಹೆಣ್ಣಿನ ಕಾವ್ಯದ ಸಾಲುಗಳೂ ಇವೆ. ಮನೆಯವರಿಗಾಗಿ ತನ್ನನ್ನೇ ಮಾರಿಕೊಂಡು, ವರ್ಷಗಟ್ಟಲೆ ಊರು ಬಿಟ್ಟು ಅಲೆದ ಹೆಣ್ಣು ಅವಳು. ವಿಯೆಟ್ನಾಂನಲ್ಲಿ ಓದು ಬರಹ ಬಾರದವರಿಗೂ ಆ ಸಾಲುಗಳು ಬಾಯಲ್ಲಿರುತ್ತಿದ್ದವು. ಗಾಳಿ ಬಂದರೆ ಇಡೀ ಕೃತಿ ಅಲುಗುತ್ತದೆ.

ಸಿನಿಮಾದ ಮಾತೂ ಆಡಬೇಕು. ಹತ್ತು ವರ್ಷಕ್ಕೆ ಊರು ಬಿಟ್ಟ ಹುಡುಗ ಅಮೆರಿಕದಲ್ಲಿ ವಿಯೆಟ್ನಾಂ ಯುದ್ಧದ ಸಿನಿಮಾ ನೋಡುತ್ತಾ ಬೆಳೆದ. ಫಿಲಿಪ್ಪೀನ್ಸ್‌ನಲ್ಲಿ ಚಿತ್ರೀಕರಿಸಿದ ಕಾಡನ್ನು ವಿಯೆಟ್ನಾಂ ಅಂತ ತೋರಿಸಿದ ಸಿನಿಮಾಗಳು. ಬೆಳೆದ ಮೇಲೆ ಒಂದು ಗೊಂದಲ ಶುರುವಾಯಿತು. ತಲೆಯಲ್ಲಿರುವ ಈ ದೃಶ್ಯ ನಾನು ಕಂಡದ್ದೋ, ಪರದೆಯ ಮೇಲೆ ನೋಡಿದ್ದೋ? ‘ಫ್ರಮ್ ವಿಯೆಟ್ನಾಂ ಟು ಹಾಲಿವುಡ್’ ಸರಣಿ ಹುಟ್ಟಿದ್ದು ಈ ಗೊಂದಲದಿಂದ. ಇಲ್ಲಿ ಹೆಣೆದದ್ದು ಮೂರು ಬಗೆಯ ಚಿತ್ರಗಳನ್ನು. ಹಾಲಿವುಡ್ ಸಿನಿಮಾದ ದೃಶ್ಯಗಳು, ಪತ್ರಿಕೆಗಳಲ್ಲಿ ಬಂದು ಜಗತ್ತಿಗೇ ಬಾಯಿಪಾಠವಾದ ಯುದ್ಧದ ಫೋಟೋಗಳು, ಹಳೆ ಅಂಗಡಿಯಲ್ಲಿ ಕೊಂಡ ಹೆಸರಿಲ್ಲದ ಕುಟುಂಬಗಳ ಫೋಟೋಗಳು. 1968ರಲ್ಲಿ ಸೈಗಾನಿನ ಬೀದಿಯಲ್ಲಿ ಎಡ್ಡಿ ಆಡಮ್ಸ್ ತೆಗೆದ, ತಲೆಗೆ ಗುಂಡು ಹೊಡೆಯುವ ಚಿತ್ರ ನಿಮಗೆಲ್ಲ ಗೊತ್ತು. ಅದನ್ನೂ ಹೆಣೆದರು. 2003ರಲ್ಲಿ ಇಟಲಿಯ ದೊಡ್ಡ ಕಲಾ ಪ್ರದರ್ಶನ ವೆನಿಸ್ ಬಿಯೆನಾಲೆಯಲ್ಲಿ ಅವರ ಕೆಲಸ ಪ್ರದರ್ಶನವಾಯಿತು.

ನಾವೂ ಈ ಮಾತಿನಿಂದ ಹೊರಗಿಲ್ಲ. ಬೆಂಗಳೂರಿನ ಟಾಕೀಸಿನಲ್ಲಿ ಕೂತು ನಾವು ಕಂಡ ವಿಯೆಟ್ನಾಂ ಕೂಡ ಹಾಲಿವುಡ್ಡಿನದೇ. ಅಲ್ಲಿಯ ಒಬ್ಬ ರೈತನ ಮುಖ ನಮಗೆ ನೆನಪಾಗುವುದಿಲ್ಲ. ಹೆಲಿಕಾಪ್ಟರ್ ಮಾತ್ರ ಕೂಡಲೇ ನೆನಪಾಗುತ್ತದೆ.

ಆ ಹೆಲಿಕಾಪ್ಟರನ್ನೇ ಲೆ 2006ರಲ್ಲಿ ಕೈಗೆತ್ತಿಕೊಂಡರು. ತಾಯ್ ನಿನ್ ಪ್ರಾಂತ್ಯದಲ್ಲಿ ತ್ರಾನ್ ಕ್ವೊಕ್ ಹಾಯ್ ಎಂಬ ಮೆಕ್ಯಾನಿಕ್ ತನ್ನ ಕೈಯಾರೆ ಹೆಲಿಕಾಪ್ಟರ್ ಕಟ್ಟಿದ್ದರು. ಬೇಸಾಯಕ್ಕೆ, ಆಪತ್ತಿನಲ್ಲಿ ಜನರನ್ನು ಸಾಗಿಸಲು ಉಪಯೋಗವಾಗಲಿ ಅಂತ. ಲೆ ಮತ್ತು ಗೆಳೆಯರು ಮೂರು ಪರದೆಯ ವಿಡಿಯೋ ಮಾಡಿದರು. ಹೆಲಿಕಾಪ್ಟರ್ ಕಂಡರೆ ಗದ್ದೆಯಲ್ಲಿ ಬಿದ್ದು ಅಡಗಿಕೊಳ್ಳುತ್ತಿದ್ದ ಹಳ್ಳಿಯವರು ಅದರಲ್ಲಿ ಮಾತಾಡುತ್ತಾರೆ, ಹೊಸದಾಗಿ ಅದನ್ನು ಕಟ್ಟುವ ಆಸೆ ಹೊತ್ತವರೂ ಮಾತಾಡುತ್ತಾರೆ. 2010ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ವಿಡಿಯೋ ಜೊತೆ ಹಳ್ಳಿಯವರು ಕಟ್ಟಿದ ಹೆಲಿಕಾಪ್ಟರ್ ಕೂಡ ನಿಂತಿತ್ತು. ಸಾವಿನ ಯಂತ್ರ ಎಂದೇ ಜಗತ್ತು ಕಂಡದ್ದನ್ನು ಅದನ್ನು ಅನುಭವಿಸಿದವರೇ ತಮ್ಮ ಕೆಲಸಕ್ಕೆ ಬಗ್ಗಿಸಿಕೊಂಡ ಬಗೆ ನನಗೆ ತುಂಬಾ ಇಷ್ಟ.

ಯುದ್ಧದಲ್ಲಿ ಬಳಸಿದ ಏಜೆಂಟ್ ಆರೆಂಜ್ ಎಂಬ ಗಿಡನಾಶಕದ ಬಗ್ಗೆ 1998ರಲ್ಲಿ ಮಾಡಿದ ಕೆಲಸವನ್ನು ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ಅಮೆರಿಕದ ವಿಮಾನಗಳು ಸುಮಾರು ಹತ್ತು ವರ್ಷ 7 ಕೋಟಿ ಲೀಟರಿಗೂ ಜಾಸ್ತಿ ಗಿಡನಾಶಕ ಸುರಿದಿದ್ದವು. ಅದರಲ್ಲಿದ್ದ ಡಯಾಕ್ಸಿನ್ ವಿಷ ಮಣ್ಣಿಗೂ ಮೈಗೂ ಇಳಿಯಿತು. ಅಂಗವೈಕಲ್ಯದ ಮಕ್ಕಳು ಹುಟ್ಟಿದ್ದಕ್ಕೆ ಈ ವಿಷವೇ ಕಾರಣ ಅಂತ ವಿಯೆಟ್ನಾಂನವರು ಹೇಳುತ್ತಾ ಬಂದಿದ್ದಾರೆ. ಲೆ ಹೋ ಚಿ ಮಿನ್ ಸಿಟಿಯ ಮಾರ್ಕೆಟ್ಟಿನಲ್ಲಿ ಒಂದು ಮಳಿಗೆ ಹಿಡಿದು, ಮೈ ಅಂಟಿಕೊಂಡು ಹುಟ್ಟುವ ಅವಳಿ ಮಕ್ಕಳಿಗೆ ಹೊಲಿದ ಅಂಗಿಗಳನ್ನು ಮಾರಾಟಕ್ಕೆ ಇಟ್ಟರು. ಎರಡು ಕತ್ತಿನ ಒಂದೇ ಅಂಗಿ. ಗ್ಯಾಲರಿಯ ಬಾಗಿಲು ತುಳಿಯದ ಜನ ತರಕಾರಿ ಚೀಲ ಹಿಡಿದುಕೊಂಡೇ ಅದರ ಎದುರು ನಿಲ್ಲಬೇಕಾಯಿತು.

2007ರಲ್ಲಿ ಮೂವರು ಗೆಳೆಯರ ಜೊತೆ ಸೇರಿ ಅದೇ ಊರಿನಲ್ಲಿ ‘ಸಾನ್ ಆರ್ಟ್’ ಎಂಬ ಕಲಾ ಜಾಗ ಶುರು ಮಾಡಿದರು. ಅಲ್ಲಿನ ಹೊಸ ತಲೆಮಾರಿನ ಕಲಾವಿದರು ಬೆಳೆದದ್ದರಲ್ಲಿ ಅದರ ಪಾಲು ದೊಡ್ಡದು. ನನ್ನ ಪ್ರಕಾರ ಇದು ಅವರ ಫೋಟೋಗಳಷ್ಟೇ ಮುಖ್ಯವಾದ ಕೆಲಸ.

ಕೊನೆಯಲ್ಲಿ ಒಬ್ಬ ವಿದ್ಯಾರ್ಥಿನಿ ಒಂದು ಪ್ರಶ್ನೆ ಕೇಳಿದರು. “ಸರ್, ಆ ಫೋಟೋಗಳಲ್ಲಿ ಇರುವವರನ್ನು ಯಾರೂ ಕೇಳಿಲ್ಲ. ಸತ್ತವರ ಮುಖ ಕತ್ತರಿಸಿ ಹೆಣೆದು ಗ್ಯಾಲರಿಯಲ್ಲಿ ಮಾರುವುದು ಸರಿಯಾ?” ಅವತ್ತಿನ ಎಲ್ಲ ಮಾತಿಗಿಂತ ಒಳ್ಳೆಯ ಮಾತು ಅದು. ಉತ್ತರವನ್ನು ಇಲ್ಲಿ ಪೂರ್ತಿ ಬರೆಯುತ್ತೇನೆ.

ಈ ಪ್ರಶ್ನೆ ತುವೊಲ್ ಸ್ಲೆಂಗ್ ಫೋಟೋಗಳ ಬೆನ್ನು ಬಿಟ್ಟದ್ದೇ ಇಲ್ಲ. 1997ರಲ್ಲಿ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಆ ಫೋಟೋಗಳಲ್ಲಿ ಕೆಲವನ್ನು ಗೋಡೆಗೆ ಹಾಕಿದಾಗಲೂ ತಕರಾರು ಬಂತು. ಅವು ಕೊಲೆಗಾರರ ಕಡತ. ಎದುರಿಗಿದ್ದವರು ಬಲವಂತಕ್ಕೆ ಕೂತವರು. ಅದನ್ನು ಕಲೆ ಅಂತ ತೂಗುಹಾಕಿದರೆ ನಾವೂ ಆ ಕ್ಯಾಮೆರಾದ ಹಿಂದೆ ನಿಂತ ಹಾಗೆ ಆಗುವುದಿಲ್ಲವೇ? ಹೆಣಿಗೆ ಒಂದು ಒಳ್ಳೆಯ ಕೆಲಸ ಮಾಡುತ್ತದೆ. ಜೈಲಿನ ಆ ನೇರ ದೃಷ್ಟಿಯನ್ನು ಅದು ಒಡೆಯುತ್ತದೆ. ಆದರೂ ಆ ಕೃತಿಗಳು ನೋಡಲು ಬಹಳ ಚೆಂದ. ಆ ಚೆಂದವೇ ನನಗೂ ಕಸಿವಿಸಿ.

ಕುಟುಂಬದ ಫೋಟೋಗಳ ವಿಷಯದಲ್ಲಿ ಲೆ ಒಂದು ದಾರಿ ಕಂಡುಕೊಂಡರು. 2010ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯಕ್ಕೆ ಸೇರಿದ ಕ್ರಿಸ್‌ಮಸ್ ದ್ವೀಪದ ಬಂಡೆಗೆ ನಿರಾಶ್ರಿತರ ದೋಣಿ ಬಡಿದು ಸುಮಾರು 50 ಜನ ಸತ್ತರು. ಮರುವರ್ಷ ಸಿಡ್ನಿಯಲ್ಲಿ ಅವರು ‘ಇರೇಷರ್’ ಎಂಬ ಕೃತಿ ಮಾಡಿದರು. ನೆಲದ ತುಂಬಾ ಸಾವಿರಾರು ಹಳೆಯ ಫೋಟೋ ಹರಡಿದ್ದರು. ಪರದೆಯ ಮೇಲೆ ಒಂದು ಹಳೇ ಕಾಲದ ಹಡಗು ಹೊತ್ತಿ ಉರಿಯುತ್ತಿತ್ತು. ಬಂದವರು ಬಗ್ಗಿ ಫೋಟೋ ಎತ್ತಿಕೊಳ್ಳಬಹುದಿತ್ತು. ಎತ್ತಿಕೊಂಡ ಫೋಟೋಗಳನ್ನು ಸ್ಕ್ಯಾನ್ ಮಾಡಿ, ಯಾರು ಬೇಕಾದರೂ ಹುಡುಕುವ ಹಾಗೆ ಇಂಟರ್ನೆಟ್ಟಿಗೆ ಹಾಕುತ್ತಿದ್ದರು. ಬಿಟ್ಟುಹೋದವರ ಕಣ್ಣಿಗೆ ಎಲ್ಲಾದರೂ ಬೀಳಲಿ ಅಂತ.

ತುವೊಲ್ ಸ್ಲೆಂಗ್‌ನವರು ಬಂದು ತಮ್ಮ ಫೋಟೋ ಕೇಳುವ ಹಾಗಿಲ್ಲ. ಅವರಿಗಾಗಿ ಲೆ 2000ದ ಸುಮಾರಿಗೆ ಇನ್ನೊಂದು ಸರಣಿ ಮಾಡಿದರು. ಹೆಸರು ‘ದಿ ಟೆಕ್ಸ್ಚರ್ ಆಫ್ ಮೆಮೊರಿ’. ಕ್ಯಾಲಿಫೋರ್ನಿಯದ ಲಾಂಗ್ ಬೀಚ್‌ನಲ್ಲಿ ನೆಲೆಸಿದ್ದ ಕಾಂಬೋಡಿಯದ ಹಲವು ಹೆಂಗಸರಿಗೆ ಕಣ್ಣು ಕಾಣದಂತಾಗಿತ್ತು. ಡಾಕ್ಟರುಗಳು ಪರೀಕ್ಷೆ ಮಾಡಿದರೆ ಕಣ್ಣಿನಲ್ಲಿ ದೋಷವಿಲ್ಲ. ಕಣ್ಣೆದುರೇ ತಮ್ಮವರ ಕೊಲೆ ಕಂಡ ಹೆಂಗಸರವರು. ಲೆ ಅವರನ್ನು ಮನಸ್ಸಿನಲ್ಲಿಟ್ಟುಕೊಂಡು ಜೈಲಿನ ಆ ಮುಖಗಳನ್ನು ಬಿಳಿ ಬಟ್ಟೆಯ ಮೇಲೆ ಬಿಳಿ ದಾರದಲ್ಲಿ ಕಸೂತಿ ಹಾಕಿಸಿದರು. ದೂರದಿಂದ ಬರೀ ಬಿಳಿ. ಮುಟ್ಟಿ ನೋಡಿ ಅಂತ ಬಂದವರನ್ನು ಕರೆದರು. ಕೈಯ ಬೆವರು, ಎಣ್ಣೆ, ಕೊಳೆ ದಾರಕ್ಕೆ ಹತ್ತುತ್ತಾ ಹೋದ ಹಾಗೆ ಮುಖದ ಗೆರೆ ನಿಧಾನವಾಗಿ ಎದ್ದು ಬರುತ್ತದೆ. ಜಾಸ್ತಿ ಜನ ಮುಟ್ಟಿದಷ್ಟೂ ಜಾಸ್ತಿ ಕಾಣುತ್ತದೆ.

ಹೆಣಿಗೆ, ಕಸೂತಿ ಎರಡರಲ್ಲಿ ಯಾವುದು ಸರಿ ಅಂತ ಆ ವಿದ್ಯಾರ್ಥಿನಿ ಮತ್ತೆ ಒತ್ತಿ ಕೇಳಿದರು. ನಾನು ಕಸೂತಿಯ ಕಡೆ. ಹೆಣಿಗೆಯ ಎದುರು ನಾವು ದೂರ ನಿಂತು ನೋಡುವವರಾಗಿಯೇ ಉಳಿಯಬಹುದು. ಇಲ್ಲಿ ಆ ಮುಖ ಕಾಣಬೇಕಾದರೆ ನಮ್ಮ ಕೈ ಅದಕ್ಕೆ ತಾಗಲೇಬೇಕು. ಕೊಲೆಗಾರನ ಕ್ಯಾಮೆರಾ ಆ ಜನರಿಗೆ ಮಾಡದೇ ಇದ್ದದ್ದು ಅದನ್ನೇ.